ಖಾಲಿ ಓಟದ ಬೆಲೆ: ಬೆಂಗಳೂರಿನ ಆ್ಯಪ್ ಆಟೊ ಚಾಲಕರ ಗಳಿಕೆ ಮತ್ತು ಮುಂಗಡ ಟಿಪ್ಸ್

2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಉಬರ್ ಕಂಪನಿಗೆ ನೋಟಿಸ್ ನೀಡಿತು. ಗಾಡಿ ಬೇಗ ಸಿಗಬೇಕೆಂದರೆ ಬುಕ್ ಮಾಡುವಾಗಲೇ ಟಿಪ್ಸ್ ಸೇರಿಸಿ ಎಂದು ಆ್ಯಪ್ ಪ್ರಯಾಣಿಕರನ್ನು ಒತ್ತಾಯಿಸುತ್ತಿದೆ ಎಂಬುದು ದೂರು. ಧಾರವಾಡದ ಸಂಸದರೂ ಆಗಿರುವ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಈ ಪದ್ಧತಿ ಅನೈತಿಕ, ಶೋಷಣೆಯಿಂದ ಕೂಡಿದ್ದು ಎಂದರು. ಸೇವೆ ಮುಗಿದ ಮೇಲೆ ಮೆಚ್ಚಿ ಕೊಡುವುದು ಟಿಪ್ಸ್, ಮೊದಲೇ ಕೇಳಿ ಪಡೆಯುವ ಹಕ್ಕಲ್ಲ ಎಂಬುದು ಅವರ ನಿಲುವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆ್ಯಪ್ ಕಂಪನಿಗಳಿಗೆ ಅನ್ವಯಿಸುವ ಅಗ್ರಿಗೇಟರ್ ಮಾರ್ಗಸೂಚಿಗೆ ತಿದ್ದುಪಡಿ ತಂದಿತು. ಪ್ರಯಾಣ ಮುಗಿದ ಮೇಲಷ್ಟೇ ಟಿಪ್ಸ್ ಆಯ್ಕೆ ಕಾಣಬೇಕು, ಅದರ ಪೂರ್ಣ ಮೊತ್ತ ಚಾಲಕನಿಗೇ ಸೇರಬೇಕು ಎಂದು ಅದು ಹೇಳಿತು.

ಗ್ರಾಹಕರ ಕಡೆಯಿಂದ ನೋಡಿದರೆ ಇದೆಲ್ಲ ಸರಿಯೇ. ಆದರೆ ಈ ಇಡೀ ಚರ್ಚೆಯಲ್ಲಿ ಒಂದು ಪ್ರಶ್ನೆಯನ್ನು ಯಾರೂ ನೇರವಾಗಿ ಎತ್ತಲಿಲ್ಲ. ಆ ಹತ್ತು, ಇಪ್ಪತ್ತು, ಮೂವತ್ತು ರೂಪಾಯಿ ಸೇರಿಸಿದ ತಕ್ಷಣ, ಅಲ್ಲಿಯವರೆಗೆ ಸಿಗದ ಆಟೊ ಹೇಗೆ ಸಿಗುತ್ತದೆ? ಚಾಲಕ ಆ ಹಣವನ್ನು ಯಾವುದರ ಬಾಬತ್ತಿಗೆ ಲೆಕ್ಕ ಹಾಕಿಕೊಳ್ಳುತ್ತಾನೆ? ಬೆಂಗಳೂರಿನ ಆಟೊಗಳನ್ನು ಮುಂದಿಟ್ಟುಕೊಂಡು, ಸರ್ಕಾರಿ ದರಪಟ್ಟಿ, ನ್ಯಾಯಾಲಯ ಮತ್ತು ಸರ್ಕಾರದ ಆದೇಶಗಳು ಹಾಗೂ ಅಮೆರಿಕದಲ್ಲಿ ನಡೆದ ಕೆಲವು ಪ್ರಕಟಿತ ಅಧ್ಯಯನಗಳ ನೆರವಿನಿಂದ ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ ಇಲ್ಲಿದೆ. ನನ್ನ ವಾದ ಇಷ್ಟು: ಪ್ರಯಾಣಿಕ ಇರುವಲ್ಲಿಗೆ ಆಟೊ ಖಾಲಿ ಬರುವ ದೂರಕ್ಕೆ ದರಪಟ್ಟಿಯಲ್ಲಿ ಬೆಲೆಯಿಲ್ಲ. ಆ ಬೆಲೆಯನ್ನು ಯಾರು ಹೊರಬೇಕೆಂದು ಆ್ಯಪ್ ಕಂಪನಿಗಳೂ ಸರ್ಕಾರವೂ ತೀರ್ಮಾನಿಸದೆ ಬಿಟ್ಟದ್ದರಿಂದ ಅದು ಟಿಪ್ಸ್ ಹೆಸರಿನಲ್ಲಿ ಚಾಲಕ ಮತ್ತು ಪ್ರಯಾಣಿಕರ ನಡುವಿನ ಜಗಳವಾಗಿ ಉಳಿದಿದೆ.

ಸ್ಟ್ಯಾಂಡಿನಿಂದ ಪಿಕಪ್‌ಗೆ

ಬೆಂಗಳೂರಿನಲ್ಲಿ ಉಬರ್ ಸೇವೆ ಆರಂಭವಾದದ್ದು 2013ರಲ್ಲಿ. ಅದಕ್ಕೂ ಮೊದಲಿನ ಆಟೊ ವ್ಯವಹಾರದ ಕೇಂದ್ರ ಸ್ಟ್ಯಾಂಡ್. ‘ಆಟೋ ರಾಜ’ (1980) ಸಿನಿಮಾ ತೆರೆಕಂಡು ದಶಕಗಳೇ ಕಳೆದರೂ ಅದರ ನಾಯಕ ಶಂಕರ್‌ನಾಗ್ ಹೆಸರು, ಚಿತ್ರ ಹೊತ್ತ ಆಟೊ ನಿಲ್ದಾಣಗಳು ಊರಿನ ಬಡಾವಣೆಗಳಲ್ಲಿ ಇಂದಿಗೂ ಕಾಣುತ್ತವೆ. ಈ ಸ್ಟ್ಯಾಂಡುಗಳನ್ನು ಅಭಿಮಾನದ ಗುರುತುಗಳೆಂದು ನೋಡುವುದು ರೂಢಿ, ಆದರೆ ಅವುಗಳಿಗೊಂದು ಆರ್ಥಿಕ ಅರ್ಥವೂ ಇತ್ತು. ಚಾಲಕ ಒಂದೆಡೆ ನಿಂತಿರುತ್ತಿದ್ದ, ಪ್ರಯಾಣಿಕ ನಡೆದು ಬರುತ್ತಿದ್ದ. ಮನೆಬಾಗಿಲಿನಿಂದ ಆಟೊವರೆಗಿನ ದೂರವನ್ನು ಪ್ರಯಾಣಿಕನ ಕಾಲುಗಳು ಭರಿಸುತ್ತಿದ್ದವು. ಕಾಯುವಾಗ ಚಾಲಕನಿಗೆ ಗ್ಯಾಸ್ ಖರ್ಚಾಗುತ್ತಿರಲಿಲ್ಲ. ಮೀಟರ್ ದರ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿ: ಪ್ರಯಾಣಿಕ ಹತ್ತಿದ ಮೇಲೆ ಮೀಟರ್ ಹಾಕು, ಇಳಿದ ಮೇಲೆ ನಿಲ್ಲಿಸು.

ಆ್ಯಪ್ ಈ ಕ್ರಮವನ್ನು ತಿರುಗಿಸಿತು. ಈಗ ಪ್ರಯಾಣಿಕ ನಿಂತಲ್ಲೇ ನಿಲ್ಲುತ್ತಾನೆ, ಚಾಲಕ ಹುಡುಕಿಕೊಂಡು ಬರುತ್ತಾನೆ. ವಯಸ್ಸಾದವರಿಗೆ, ಮಗುವನ್ನೆತ್ತಿಕೊಂಡ ತಾಯಂದಿರಿಗೆ, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಹೆಣ್ಣುಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಸೇವೆಯ ಸ್ವರೂಪ ಇಷ್ಟು ಬದಲಾದರೂ ದರದ ಲೆಕ್ಕ ಸ್ಟ್ಯಾಂಡಿನ ಕಾಲದಲ್ಲೇ ನಿಂತಿದೆ.

ಲೆಕ್ಕವನ್ನೇ ನೋಡೋಣ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಜಾರಿಗೆ ಬಂದ ದರದಂತೆ ಮೊದಲ 2 ಕಿ.ಮೀ.ಗೆ ₹36, ಆಮೇಲೆ ಪ್ರತಿ ಕಿ.ಮೀ.ಗೆ ₹18. (ಅದಕ್ಕೂ ಹಿಂದೆ, 2021ರ ಡಿಸೆಂಬರ್‌ನಿಂದ, ಇದು ₹30 ಮತ್ತು ₹15 ಇತ್ತು.) ಚಾಲಕ 2 ಕಿ.ಮೀ. ಖಾಲಿ ಓಡಿ ಬಂದು ಪ್ರಯಾಣಿಕನನ್ನು ಹತ್ತಿಸಿಕೊಂಡ ಎಂದಿಟ್ಟುಕೊಳ್ಳಿ. ಸವಾರಿ 8 ಕಿ.ಮೀ. ಇದ್ದರೆ ಬಾಡಿಗೆ ₹144. ಒಟ್ಟು ಓಡಿದ್ದು 10 ಕಿ.ಮೀ., ಅಂದರೆ ಕಿ.ಮೀ.ಗೆ ₹14.40. ಸವಾರಿ 5 ಕಿ.ಮೀ. ಆದರೆ ಬಾಡಿಗೆ ₹90, ಓಟ 7 ಕಿ.ಮೀ., ಕಿ.ಮೀ.ಗೆ ₹12.86. ಸವಾರಿ ಬರೀ 2 ಕಿ.ಮೀ. ಆದರೆ ₹36ಕ್ಕೆ 4 ಕಿ.ಮೀ. ಓಟ, ಕಿ.ಮೀ.ಗೆ ₹9. ಸರ್ಕಾರ ನ್ಯಾಯವೆಂದು ಗೊತ್ತುಮಾಡಿದ ₹18ರಲ್ಲಿ ಸರಿಯಾಗಿ ಅರ್ಧ. ಹತ್ತಿರದ ಸವಾರಿಗೆ ಆಟೊ ಸಿಗುವುದಿಲ್ಲ, ಸಿಕ್ಕರೂ ಕ್ಯಾನ್ಸಲ್ ಮಾಡುತ್ತಾರೆ ಎಂಬ ದೂರಿಗೆ ಚಾಲಕರ ಸ್ವಭಾವದಲ್ಲಿ ಕಾರಣ ಹುಡುಕಬೇಕಾಗಿಲ್ಲ. ಈ ಭಾಗಾಕಾರದಲ್ಲೇ ಅದು ಇದೆ. ₹20 ಮುಂಗಡ ಟಿಪ್ಸ್ ಸೇರಿಸಿದಾಗ ಆ ಕೊನೆಯ ಸವಾರಿ ಕಿ.ಮೀ.ಗೆ ₹14ಕ್ಕೆ ಏರುತ್ತದೆ, ಅಂದರೆ ಉದ್ದದ ಸವಾರಿಯ ಸಮಕ್ಕೆ ಬರುತ್ತದೆ. ಆಗ ಚಾಲಕ ಒಪ್ಪುತ್ತಾನೆ.

ಹೊತ್ತಿನ ಲೆಕ್ಕ ಇನ್ನೂ ಕಠೋರ. ಅದೇ ದರಪಟ್ಟಿಯಲ್ಲಿ ಕಾಯುವಿಕೆಯ ಮೊದಲ ಐದು ನಿಮಿಷ ಉಚಿತ, ನಂತರ ಪ್ರತಿ 15 ನಿಮಿಷಕ್ಕೆ ₹10. ಗಂಟೆಗೆ ₹40. ಒಬ್ಬ ಮನುಷ್ಯನ ದುಡಿಮೆ ಮತ್ತು ಒಂದು ವಾಹನ ಎರಡೂ ಸೇರಿ ಒಂದು ಗಂಟೆಗೆ ಇಷ್ಟು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆಯ ವಾಹನ ದಟ್ಟಣೆಯನ್ನು ಬಲ್ಲ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಈ ಅಂಕಿಗಳಿಂದ ಇನ್ನೂ ಗ್ಯಾಸ್, ಫೈನಾನ್ಸ್ ಕಂತು ಅಥವಾ ಮಾಲೀಕನಿಗೆ ಕೊಡುವ ದಿನಬಾಡಿಗೆ, ಇನ್ಶೂರೆನ್ಸ್, ಎಫ್‌ಸಿ, ಟೈರು, ರಿಪೇರಿ ಕಳೆದಿಲ್ಲ. ಉಳಿದದ್ದೇ ಮನೆಗೆ.

ಕಮಿಷನ್ ಹೋಯಿತು, ಚೌಕಾಸಿ ಮರಳಿತು

ಚಾಲಕರ ಸಿಟ್ಟು ಮೊದಲು ಸಿಡಿದದ್ದು ಕಮಿಷನ್ ವಿರುದ್ಧ. 2022ರಲ್ಲಿ ಸರ್ಕಾರದ ಕನಿಷ್ಠ ದರ ₹30 ಇರುವಾಗ ಆ್ಯಪ್‌ಗಳು ಸಣ್ಣ ಸವಾರಿಗೂ ₹100ರಷ್ಟು ವಸೂಲು ಮಾಡುತ್ತಿವೆ ಎಂಬ ದೂರುಗಳು ಬಂದವು. ಅಕ್ಟೋಬರ್‌ನಲ್ಲಿ ಸಾರಿಗೆ ಇಲಾಖೆ ಆಟೊ ಸೇವೆ ನಿಲ್ಲಿಸುವಂತೆ ಸೂಚಿಸಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ನವೆಂಬರ್ 25ರ ಆದೇಶದಲ್ಲಿ ಸರ್ಕಾರ ನಿಗದಿತ ದರದ ಮೇಲೆ ಶೇ 5ರ ಸೇವಾ ಶುಲ್ಕ ಮತ್ತು ಜಿಎಸ್‌ಟಿಗೆ ಮಿತಿ ಹಾಕಿತು. 2024ರ ಮೇನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2022ರ ನವೆಂಬರ್‌ನಲ್ಲೇ ಆಟೊ ಚಾಲಕರ ಸಂಘ ಮತ್ತು ಜಸ್‌ಪೇ ಸಂಸ್ಥೆ ಸೇರಿ ‘ನಮ್ಮ ಯಾತ್ರಿ’ ಆ್ಯಪ್ ತಂದವು. ಕಮಿಷನ್ ಇಲ್ಲ, ಮರುವರ್ಷದಿಂದ ದಿನಕ್ಕೆ ₹25, ಇಲ್ಲವೇ ಸವಾರಿಗೆ ₹3.50ರಂತೆ ಚಾಲಕ ಚಂದಾ ಕಟ್ಟಬೇಕು. ಈ ಮಾದರಿ ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ ರ್‍ಯಾಪಿಡೊ, ಉಬರ್, ಓಲಾ ಮೂರೂ ಆಟೊಗಳಿಗೆ ಒಂದೊಂದಾಗಿ ಇದೇ ದಾರಿ ಹಿಡಿದವು. ಬೆಂಗಳೂರಿನ ಚಾಲಕರು ಸಂಘಟಿತರಾಗಿ ಗಳಿಸಿದ ಈ ಗೆಲುವಿನ ಬಗ್ಗೆ ನನಗೆ ನಿಜವಾದ ಗೌರವವಿದೆ. ಜಗತ್ತಿನ ಹೆಚ್ಚಿನ ನಗರಗಳಲ್ಲಿ ಅದು ಸಾಧ್ಯವಾಗಿಲ್ಲ.

ಆದರೆ ಈ ಗೆಲುವಿಗೆ ಇನ್ನೊಂದು ಮುಖವೂ ಇದೆ. 2025ರ ಫೆಬ್ರುವರಿಯಲ್ಲಿ ಚಂದಾ ಮಾದರಿಗೆ ಬಂದಾಗ ಉಬರ್ ತಾನು ತೋರಿಸುವುದು ಸೂಚಿತ ದರ ಮಾತ್ರ, ಅಂತಿಮ ಮೊತ್ತ ಚಾಲಕ ಮತ್ತು ಪ್ರಯಾಣಿಕ ಒಪ್ಪಿಕೊಂಡಂತೆ ಎಂದು ತಿಳಿಸಿತು. ಹಣ ನೇರವಾಗಿ ಚಾಲಕನ ಕೈಗೆ ಸೇರುತ್ತದೆ, ಕಂಪನಿ ನಡುವೆ ಬರುವುದಿಲ್ಲ. ಶೇಕಡಾವಾರು ಪಾಲು ಪಡೆಯುತ್ತಿದ್ದಾಗ ಬಾಡಿಗೆ ಏರಿದರೆ ಕಂಪನಿಗೂ ಲಾಭ, ಖಾಲಿ ಓಟ ಹೆಚ್ಚಿದರೆ ಕಂಪನಿಗೂ ಅಷ್ಟಿಷ್ಟು ನಷ್ಟ ಇತ್ತು. ಈಗ ಚಾಲಕ ದಿನಕ್ಕೆ ಐದು ಸವಾರಿ ಮಾಡಲಿ, ಹದಿನೈದು ಮಾಡಲಿ, ದಿನದ ಚಂದಾ ಒಂದೇ. ಪಿಕಪ್ ದೂರದ ಹೊರೆ ಪೂರ್ತಿಯಾಗಿ ಚಾಲಕನ ಮೇಲೆ ಬಿತ್ತು. ಅವನು ಅದನ್ನು ಇಳಿಸಬಹುದಾದ ಏಕೈಕ ಜಾಗ ಪ್ರಯಾಣಿಕನ ಹೆಗಲು. ‘ಮೀಟರ್ ಮೇಲೆ ಮೂವತ್ತು ಕೊಡಿ ಸಾರ್’ ಎಂಬ ರಸ್ತೆಬದಿಯ ಮಾತು ಫೋನಿನ ತೆರೆಯೊಳಗೆ ಒತ್ತುವ ಗುಂಡಿಯಾಯಿತು. ವ್ಯತ್ಯಾಸವೆಂದರೆ, ರಸ್ತೆಯಲ್ಲಿ ಚಾಲಕ ಕೇಳುತ್ತಿದ್ದ. ಈಗ ಆ್ಯಪ್ ಅವನ ಪರವಾಗಿ ಕೇಳುತ್ತದೆ, ಅವನಿಗೆ ಗೊತ್ತಿಲ್ಲದೆಯೂ ಕೇಳುತ್ತದೆ. ಕೆಟ್ಟ ಹೆಸರು ಮಾತ್ರ ಅವನಿಗೆ.

ಇದೇ ಹೊತ್ತಿನಲ್ಲಿ ಹಳೆಯ, ಸ್ವಯಂಪ್ರೇರಿತ ಟಿಪ್ಸ್ ಸದ್ದಿಲ್ಲದೆ ಕರಗುತ್ತಿದೆ. ₹87 ಆದಾಗ ನೂರರ ನೋಟು ಕೊಟ್ಟು ‘ಚಿಲ್ಲರೆ ಇಟ್ಕೊಳ್ಳಿ’ ಎನ್ನುವುದು ನಗದಿನ ಕಾಲದ ಸೌಜನ್ಯ. ಚಿಲ್ಲರೆ ಹುಡುಕುವ ಕಿರಿಕಿರಿಯೂ ಅದಕ್ಕೆ ಅರ್ಧ ಕಾರಣವಾಗಿತ್ತು ಎಂಬುದನ್ನು ಒಪ್ಪಬೇಕು. ಸ್ಕ್ಯಾನ್ ಮಾಡಿ ಯುಪಿಐನಲ್ಲಿ ಪಾವತಿಸುವವರು ₹87 ಎಂದರೆ ₹87 ಮಾತ್ರ ಕಳಿಸುತ್ತಾರೆ. ಅವರು ಜಿಪುಣರೆಂದಲ್ಲ, ಪಾವತಿಯ ಬಗೆಯೇ ಆ ಅವಕಾಶವನ್ನು ಅಳಿಸಿದೆ.

ಅಮೆರಿಕದ ಅನುಭವ

ಪ್ರಯಾಣ ಮುಗಿದ ಮೇಲೆ ಕೊಡುವ ಟಿಪ್ಸ್ ಚಾಲಕರ ಗಳಿಕೆಯನ್ನು ಮೇಲೆತ್ತಬಲ್ಲದೇ? ಹೊಸ ಮಾರ್ಗಸೂಚಿ ನಂಬಿಕೊಂಡಿರುವುದು ಇದನ್ನೇ. ಈ ಪ್ರಶ್ನೆಗೆ ಅತಿ ದೊಡ್ಡ ಪ್ರಮಾಣದ ಉತ್ತರ ದೊರೆತಿರುವುದು ಅಮೆರಿಕದಲ್ಲಿ. ಅಲ್ಲಿ ಬಹುಕಾಲ ಟಿಪ್ಸ್ ಸೌಲಭ್ಯವನ್ನೇ ಕೊಡದಿದ್ದ ಉಬರ್ 2017ರ ಜೂನ್‌ನಲ್ಲಿ ಅದನ್ನು ಆ್ಯಪ್‌ಗೆ ಸೇರಿಸಿತು. ಚಂದರ್, ನೀಝಿ, ಲಿಸ್ಟ್ ಮತ್ತು ಮ್ಯೂರ್ ಎಂಬ ಅರ್ಥಶಾಸ್ತ್ರಜ್ಞರು ಆ ವರ್ಷದ ಸುಮಾರು 4 ಕೋಟಿ ಸವಾರಿಗಳನ್ನು ಪರಿಶೀಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಟಿಪ್ಸ್ ಸಿಕ್ಕಿದ್ದು ಶೇ 16ರಷ್ಟು ಸವಾರಿಗಳಿಗೆ. ಶೇ 60ರಷ್ಟು ಪ್ರಯಾಣಿಕರು ಒಮ್ಮೆಯೂ ಕೊಟ್ಟಿರಲಿಲ್ಲ, ಪ್ರತಿ ಸಲವೂ ಕೊಟ್ಟವರು ಶೇ 1ರಷ್ಟು. ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಫಲಿತಾಂಶ ಇನ್ನೊಂದು: ಟಿಪ್ಸಿನ ಏರಿಳಿತವನ್ನು ವಿವರಿಸುವುದರಲ್ಲಿ ಚಾಲಕ ಯಾರು ಎಂಬುದಕ್ಕಿಂತ ಪ್ರಯಾಣಿಕ ಯಾರು ಎಂಬುದರ ಪಾಲು ಸುಮಾರು ಮೂರು ಪಟ್ಟು. ಒಳ್ಳೆಯ ಸೇವೆ ಕೊಟ್ಟರೆ ಟಿಪ್ಸ್ ತಾನಾಗಿ ಬರುತ್ತದೆ ಎಂಬ ಮಾತು ಟಿಪ್ಸ್ ಸಂಸ್ಕೃತಿ ಆಳವಾಗಿರುವ ದೇಶದಲ್ಲೇ ಹೀಗೆ ಸಡಿಲಗೊಂಡಿದೆ. ಮಾರ್ಗಸೂಚಿಯೊಂದರ ಬಲದಿಂದ ಅದು ನಮ್ಮಲ್ಲಿ ನಿಂತೀತು ಎಂದು ನಂಬಲು ಆಧಾರ ಕಾಣುವುದಿಲ್ಲ.

ಹಾಗಾದರೆ ದರ ಏರಿಸಿದರೆ ಸಾಕೇ? ಅದೂ ಪೂರ್ಣ ಉತ್ತರವಲ್ಲ. ಉಬರ್ ದರ ಬದಲಾವಣೆಗಳನ್ನು ಅಧ್ಯಯನ ಮಾಡಿದ ಹಾಲ್, ಹಾರ್ಟನ್ ಮತ್ತು ನೆಪ್ಫ್ಲ ಕಂಡದ್ದೇನೆಂದರೆ, ಮೂಲದರ ಹೆಚ್ಚಿಸಿದಾಗ ಚಾಲಕರ ಗಂಟೆಯ ಗಳಿಕೆ ಮೊದಲು ಏರುತ್ತದೆ, ಸುಮಾರು ಎಂಟು ವಾರಗಳಲ್ಲಿ ಹಳೆಯ ಮಟ್ಟಕ್ಕೇ ಮರಳುತ್ತದೆ. ಹೆಚ್ಚಿನ ದರ ಹೆಚ್ಚು ದುಡಿಮೆಯನ್ನು ರಸ್ತೆಗೆ ತರುತ್ತದೆ; ಸವಾರಿಗಳು ಹಂಚಿಹೋಗಿ ಖಾಲಿ ಹೊತ್ತು ಬೆಳೆಯುತ್ತದೆ. ಗಳಿಕೆ ನುಂಗುವುದು ಇಲ್ಲಿಯೂ ಖಾಲಿ ಓಟವೇ.

ಇದನ್ನು ನೇರವಾಗಿ ಎದುರಿಸಿದ ನಗರ ನ್ಯೂಯಾರ್ಕ್. ಜೇಮ್ಸ್ ಪ್ಯಾರಟ್ ಮತ್ತು ಮೈಕೆಲ್ ರೀಚ್ 2018ರಲ್ಲಿ ಅಲ್ಲಿನ ಟ್ಯಾಕ್ಸಿ ಆಯೋಗಕ್ಕೆ ಸಿದ್ಧಪಡಿಸಿದ ವರದಿಯ ಆಧಾರದ ಮೇಲೆ 2019ರ ಫೆಬ್ರುವರಿಯಿಂದ ಖರ್ಚು ಕಳೆದು ಗಂಟೆಗೆ 17.22 ಡಾಲರ್ ಕನಿಷ್ಠ ಗಳಿಕೆಯ ನಿಯಮ ಜಾರಿಯಾಯಿತು. ಅದರ ಜೀವಾಳ ಸೂತ್ರದಲ್ಲಿದೆ. ಚಾಲಕ ಆ್ಯಪ್ ತೆರೆದಿಟ್ಟ ಹೊತ್ತಿನಲ್ಲಿ ಪ್ರಯಾಣಿಕನಿರುವ ಪಾಲು ಶೇ 58 ಎಂದು ಹಿಡಿದು, ಮೈಲಿ ಮತ್ತು ನಿಮಿಷದ ದರಗಳನ್ನು 0.58ರಿಂದ ಭಾಗಿಸಲಾಯಿತು. ಪಾಲು ಇಳಿದಷ್ಟೂ ಕಂಪನಿ ಪ್ರತಿ ಸವಾರಿಗೆ ಹೆಚ್ಚು ಕೊಡಬೇಕು. ಖಾಲಿ ಓಟ ಚಾಲಕನೊಬ್ಬನ ಕರ್ಮವಾಗಿ ಉಳಿಯದೆ ಕಂಪನಿಯ ಖರ್ಚಿನ ಬಾಬತ್ತಾಯಿತು. ಇದಕ್ಕೂ ದುಷ್ಪರಿಣಾಮವಿತ್ತು: ಬೇಡಿಕೆ ಕಡಿಮೆ ಇರುವ ಹೊತ್ತಿನಲ್ಲಿ ಕಂಪನಿಗಳು ಚಾಲಕರನ್ನು ಆ್ಯಪ್‌ನಿಂದ ಹೊರಗಿಡತೊಡಗಿದವು. ಆದರೂ ನಾವು ಕಲಿಯಬೇಕಾದ ಪಾಠ ಈ ಸೂತ್ರದಲ್ಲಿದೆ.

ನಮ್ಮಲ್ಲಿ ಇದರ ಮಸುಕಾದ ಸುಳಿವು ಇಲ್ಲದಿಲ್ಲ. 2025ರ ಜುಲೈನ ಕೇಂದ್ರ ಮಾರ್ಗಸೂಚಿ ಖಾಲಿ ಓಟವನ್ನು ಹೆಸರಿಸಿ, ಅದರ ವೆಚ್ಚ ತುಂಬಲು ಕನಿಷ್ಠ 3 ಕಿ.ಮೀ.ಗೆ ಮೂಲದರ ಇರಬೇಕೆನ್ನುತ್ತದೆ. ಬೆಂಗಳೂರಿನ ಆಟೊ ದರದಲ್ಲಿ ಹಾಗೆ ಮಾಡಿದರೆ ಕನಿಷ್ಠ ಬಾಡಿಗೆ ₹36ರಿಂದ ₹54 ಆಗುತ್ತದೆ. ಮೇಲಿನ 2 ಕಿ.ಮೀ. ಸವಾರಿಯ ಗಳಿಕೆ ಕಿ.ಮೀ.ಗೆ ₹13.50ಕ್ಕೆ ಬಂದು ನಿಲ್ಲುತ್ತದೆ, ಮುಂಗಡ ಟಿಪ್ಸ್ ಮಾಡುತ್ತಿದ್ದ ಕೆಲಸವನ್ನು ದರವೇ ಮಾಡುತ್ತದೆ. ಆದರೆ ಸ್ಟ್ಯಾಂಡಿನಿಂದ ಹತ್ತುವವರ ಮೇಲೂ ಈ ಹೊರೆ ಹಾಕುವುದು ಅನ್ಯಾಯ. ಮಾರುಕಟ್ಟೆಗೆ ಹೋಗಿಬರುವ ಬಡ ಹೆಂಗಸಿಗೆ ₹18 ದೊಡ್ಡ ಮೊತ್ತ. ಆದ್ದರಿಂದ ಆ್ಯಪ್ ಬುಕಿಂಗ್‌ಗೆ ಮಾತ್ರ, ಬಂದ ದೂರಕ್ಕೆ ತಕ್ಕಂತೆ, ಗರಿಷ್ಠ ಮಿತಿಯೊಡನೆ ಪಿಕಪ್ ಶುಲ್ಕವನ್ನು ಸರ್ಕಾರವೇ ಗೊತ್ತುಪಡಿಸುವುದು ಮೇಲು. ದೂರದ ಆಟೊವನ್ನು ಕಳಿಸಿದ್ದು ಕಂಪನಿಯ ಹಂಚಿಕೆ ವ್ಯವಸ್ಥೆಯಾದ್ದರಿಂದ ಒಂದು ಮಿತಿಯಾಚೆಗಿನ ದೂರದ ವೆಚ್ಚವನ್ನು ಕಂಪನಿಯೇ ಭರಿಸಬೇಕು.

ಇದಕ್ಕೆ ಬೇಕಾದ ಮಾಹಿತಿ ಇರುವುದು ಕಂಪನಿಗಳ ಬಳಿ ಮಾತ್ರ. ಪ್ರತಿ ಆಟೊ ಎಷ್ಟು ಹೊತ್ತು ಖಾಲಿ ಇತ್ತು, ಎಷ್ಟು ದೂರ ಖಾಲಿ ಓಡಿತು ಎಂಬುದು ಅವುಗಳ ಸರ್ವರ್‌ಗಳಲ್ಲಿ ದಾಖಲಾಗಿರುತ್ತದೆ. 2025ರ ಕರ್ನಾಟಕ ಪ್ಲಾಟ್‌ಫಾರಂ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆಯನ್ನು ಸಾಮಾನ್ಯವಾಗಿ ಅದರ ಶೇ 1ರಿಂದ 5ರವರೆಗಿನ ಕಲ್ಯಾಣ ಶುಲ್ಕಕ್ಕಾಗಿ ನೆನೆಯುತ್ತಾರೆ. ಕಂಪ್ಯೂಟರ್ ವ್ಯವಸ್ಥೆ ತಮ್ಮ ಗಳಿಕೆಯನ್ನು ಹೇಗೆ ನಿರ್ಧರಿಸುತ್ತದೆಂದು ತಿಳಿಯುವ ಹಕ್ಕನ್ನೂ ಅದು ಕಾರ್ಮಿಕರಿಗೆ ಕೊಟ್ಟಿದೆ. ಆ ಹಕ್ಕಿನಡಿ ಪ್ರತಿ ಚಾಲಕನಿಗೆ ವಾರಕ್ಕೊಮ್ಮೆ ಅವನ ಖಾಲಿ ಓಟದ ಲೆಕ್ಕ ಸಿಗುವಂತೆ, ವಲಯವಾರು ಸರಾಸರಿ ಸಾರಿಗೆ ಇಲಾಖೆಗೆ ಸಲ್ಲಿಕೆಯಾಗುವಂತೆ ನಿಯಮ ಬರಬೇಕು. ಹಾಗೆಯೇ ಚಂದಾ ಮಾದರಿಯಲ್ಲಿ ಹಣ ತಮ್ಮ ಕೈದಾಟಿ ಹೋಗುವುದಿಲ್ಲವೆಂಬ ಕಾರಣ ಮುಂದಿಟ್ಟು ಕಂಪನಿಗಳು ಕಲ್ಯಾಣ ಶುಲ್ಕದಿಂದ ನುಣುಚಿಕೊಳ್ಳದಂತೆ, ಬುಕಿಂಗ್‌ನಲ್ಲಿ ತೋರಿಸಿದ ಮೊತ್ತವನ್ನೇ ಶುಲ್ಕದ ಆಧಾರವಾಗಿ ಹಿಡಿಯಬೇಕು. ಮುಂದಿನ ಆಟೊ ದರ ಪರಿಷ್ಕರಣೆಗೆ ಸಾರಿಗೆ ಪ್ರಾಧಿಕಾರ ಸಭೆ ಸೇರುವಾಗ ಗ್ಯಾಸ್ ಬೆಲೆಯ ಪಟ್ಟಿಯ ಪಕ್ಕದಲ್ಲಿ ಈ ಖಾಲಿ ಓಟದ ಅಂಕಿಗಳೂ ಮೇಜಿನ ಮೇಲಿರಬೇಕು.