ಕಲ್ಲು ಹೋಯಿತು, ಮುಂದೆ?

ಮೂತ್ರಪಿಂಡದ ಕಲ್ಲನ್ನು ತೆಗೆಸಿಕೊಂಡು ಬಂದು ಮಲಗಿದವರು ನಿಮ್ಮ ಮನೆಯಲ್ಲಿದ್ದರೆ, ವಾಚಕರೇ, ಅವರಿಗೆ ಈ ಹಳೆಯ ವೃತ್ತಾಂತವನ್ನು ಓದಿ ಹೇಳಿ.

ದಿನಚರಿಯಿಂದ ಪ್ರಸಿದ್ಧನಾದ ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಬಾಲ್ಯದಿಂದಲೂ ಕಲ್ಲಿನ ಬೇನೆಯಿಂದ ನರಳುತ್ತಿದ್ದನು. 25ನೆಯ ವಯಸ್ಸಿನಲ್ಲಿ, 1658ರ ಮಾರ್ಚ್ 26ರಂದು, ಶಸ್ತ್ರವೈದ್ಯ ಥಾಮಸ್ ಹೋಲಿಯರನು ಅವನ ಮೂತ್ರಾಶಯದಿಂದ ಟೆನಿಸ್ ಚೆಂಡಿನಷ್ಟು ದೊಡ್ಡ ಕಲ್ಲನ್ನು ಕೊಯ್ದು ತೆಗೆದನು. ಅರಿವಳಿಕೆ ಇನ್ನೂ ಬಂದಿರದ ಕಾಲವದು. ಇದೆಲ್ಲ ನಡೆದದ್ದು ಆಸ್ಪತ್ರೆಯಲ್ಲಲ್ಲ, ಬಂಧು ಜೇನ್ ಟರ್ನರಳ ಮನೆಯಲ್ಲಿ. ಗುಣಮುಖನಾದ ಪೀಪ್ಸ್ ಆ ದಿನವನ್ನು ವರ್ಷವರ್ಷವೂ ಹಬ್ಬವಾಗಿ ಆಚರಿಸಲು ಸಂಕಲ್ಪಿಸಿದನು. ಕಲ್ಲಿಗೊಂದು ಪೆಟ್ಟಿಗೆಯನ್ನೂ ಮಾಡಿಸಿದನು. ಶಸ್ತ್ರಕ್ಕೆ ಹೆದರಿದ್ದ ರೋಗಿಯೊಬ್ಬನಿಗೆ ಧೈರ್ಯ ತುಂಬಲು 1669ರಲ್ಲಿ ಅದನ್ನು ಒಯ್ದು ತೋರಿಸಿದನು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಪ್ಪಿನಲ್ಲಿ ಹಳೆಯ ಗಾಯ ಮತ್ತೆ ಬಾಯಿಬಿಟ್ಟಿತು. 1703ರಲ್ಲಿ ಅವನು ತೀರಿಕೊಂಡಾಗ ವೈದ್ಯರು ದೇಹವನ್ನು ಪರೀಕ್ಷಿಸಿದರು. ಎಡ ಮೂತ್ರಪಿಂಡದಲ್ಲಿ ಏಳು ಕಲ್ಲುಗಳಿದ್ದುವು! ಒಂದು ಕಲ್ಲು ಹೋಗಿತ್ತು. ಕಲ್ಲು ಕಟ್ಟುವ ಪ್ರವೃತ್ತಿ ಹೋಗಿರಲಿಲ್ಲ.

ಶಸ್ತ್ರಕ್ರಿಯೆಯೊಡನೆ ಚಿಕಿತ್ಸೆ ಮುಗಿಯದೆಂಬುದನ್ನು ನಮ್ಮ ಪ್ರಾಚೀನರೂ ಬಲ್ಲವರಾಗಿದ್ದರು. ಸುಶ್ರುತ ಸಂಹಿತೆಯು ಅಶ್ಮರಿಯನ್ನು ತೆಗೆದ ಮೇಲೆ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಬೇಕೆಂದೂ, ಗಂಜಿ, ಬೆಲ್ಲ, ಹಾಲು, ಮೆತ್ತನೆಯ ಅನ್ನ ಹೀಗೆ ಕ್ರಮವಾಗಿ ಪಥ್ಯ ಕೊಡಬೇಕೆಂದೂ ಹೇಳುತ್ತದೆ. ಒಂದು ವರ್ಷ ಕುದುರೆ ಸವಾರಿ, ಮರ ಹತ್ತುವುದು, ಈಜು ಎಲ್ಲವೂ ನಿಷಿದ್ಧ.

ಇಂದು ಅಷ್ಟು ದೀರ್ಘ ನಿಷೇಧವಿಲ್ಲ. 1980ರಲ್ಲಿ ಮ್ಯೂನಿಕ್ಕಿನಲ್ಲಿ, ದೇಹವನ್ನು ಕೊಯ್ಯದೆಯೇ ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಕಲ್ಲನ್ನು ಪುಡಿಮಾಡುವುದು ಆರಂಭವಾಯಿತು. ಸಣ್ಣ ರಂಧ್ರದ ಮೂಲಕ, ಇಲ್ಲವೇ ಮೂತ್ರಮಾರ್ಗದ ಮೂಲಕವೂ ಕಲ್ಲು ತೆಗೆಯುತ್ತಾರೆ. ರೋಗಿ ಬೇಗ ಮನೆಗೆ ಬರುತ್ತಾನೆ, ಬೇಗ ಮರೆತೂಬಿಡುತ್ತಾನೆ. ಅಪಾಯವಿರುವುದು ಈ ಮರೆವಿನಲ್ಲಿ.

ಒಳಗೆ ಮೆದುಕೊಳವೆ ಇಟ್ಟಿದ್ದರೆ, ಅದನ್ನು ತೆಗೆಸುವ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡಿ. ಮರೆತರೆ ಅದರ ಮೇಲೂ ಕಲ್ಲು ಕಟ್ಟುತ್ತದೆ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ರಕ್ತ ಗಟ್ಟಿಯಾಗಿ ಹೋದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಹೃದಯದ ಅಥವಾ ಮೂತ್ರಪಿಂಡದ ಬೇರೆ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿ ಅಳತೆ ಗೊತ್ತುಮಾಡಿಕೊಳ್ಳಲಿ. ಕಲ್ಲನ್ನು ಪರೀಕ್ಷೆಗೂ ಕೊಡಿ. ಅದು ಯಾವ ಬಗೆಯದೆಂದು ತಿಳಿದರೆ ಪಥ್ಯವೂ ತಿಳಿಯುತ್ತದೆ. ಪೀಪ್ಸನಿಗೆ ಪೆಟ್ಟಿಗೆಯಲ್ಲಿಡಲಷ್ಟೇ ಸಾಧ್ಯವಿತ್ತು.