ಬೆರಳು ಮತ್ತು ಅಕ್ಷರ: ಕನ್ನಡ ಕೀಲಿಮಣೆ ನಡೆದು ಬಂದ ದಾರಿ

‘ತಿಪಟೂರು’ ಎಂಬ ಹೆಸರಿನಲ್ಲಿ ಇರುವುದು ನಾಲ್ಕೇ ಅಕ್ಷರ. ಕೈಯಲ್ಲಿ ಬರೆಯುವುದಾದರೆ ಅರೆಕ್ಷಣದ ಕೆಲಸ. ಇದೇ ಹೆಸರನ್ನು ಗಣಕದಲ್ಲಿ ಮೂಡಿಸಬೇಕಾದರೆ ಯಾವ ಬೆರಳು ಎಲ್ಲಿಗೆ ಹೋಗಬೇಕು? ‘ತಿ’ ಇಲ್ಲಿದೆ, ‘ಟೂ’ ಅಲ್ಲಿದೆ ಎಂದು ಗೊತ್ತುಮಾಡಿದವರು ಯಾರು? ಕೊಬ್ಬರಿ ಮಾರಿದ ರೈತನ ಪಟ್ಟಿ, ಜಮೀನಿನ ಪಹಣಿ, ವಿದ್ಯಾರ್ಥಿಯ ಅಂಕಪಟ್ಟಿ ಇವೆಲ್ಲವೂ ಇಂದು ಕೀಲಿಮಣೆಯ ಮೂಲಕವೇ ಹುಟ್ಟುತ್ತವೆ. ಆದರೆ ಕೀಲಿಗಳ ಜೋಡಣೆ ಹೇಗೆ ಬಂತು ಎಂದು ಕೇಳುವವರು ಕಡಿಮೆ. ಅದು ಮೊದಲಿನಿಂದಲೂ ಹಾಗೆಯೇ ಇತ್ತು ಎಂದು ನಾವು ತಿಳಿದಿರುತ್ತೇವೆ. ವಾಸ್ತವವಾಗಿ ಪ್ರತಿಯೊಂದು ಜೋಡಣೆಯ ಹಿಂದೆಯೂ ಯಾರೋ ಒಬ್ಬರ ವಿಚಾರವಿದೆ, ಅದಕ್ಕೊಂದು ಇತಿಹಾಸವಿದೆ.

ಇಂಗ್ಲಿಷ್ ಕೀಲಿಮಣೆಯ ಹಿನ್ನೆಲೆ

ಇಂದು ಎಲ್ಲೆಡೆ ಕಾಣುವ ಇಂಗ್ಲಿಷ್ ಕೀಲಿಮಣೆಯ ಮೇಲಿನ ಸಾಲು ‘ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ’ ಎಂದು ಆರಂಭವಾಗುತ್ತದೆ. ಅಮೆರಿಕದ ಮಿಲ್ವಾಕೀ ನಗರದ ಕ್ರಿಸ್ಟೊಫರ್ ಲೇಥಮ್ ಶೋಲ್ಸ್ ಮತ್ತು ಅವರ ಸಂಗಡಿಗರು 1868ರಲ್ಲಿ ಬೆರಳಚ್ಚು ಯಂತ್ರಕ್ಕೆ ಹಕ್ಕುಪತ್ರ ಪಡೆದರು. 1874ರಲ್ಲಿ ರೆಮಿಂಗ್ಟನ್ ಕಂಪನಿ ಆ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅಚ್ಚಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳದಿರಲೆಂದು ಅಕ್ಷರಗಳನ್ನು ಹೀಗೆ ಚದುರಿಸಿದರು ಎಂಬುದು ಪ್ರಚಲಿತ ವಿವರಣೆ. ಆ ಯಂತ್ರವನ್ನು ಬಳಸುತ್ತಿದ್ದ ತಂತಿ ಕಚೇರಿಯ ನೌಕರರ ಅನುಕೂಲವೇ ಇದಕ್ಕೆ ಕಾರಣವೆಂದು 2011ರಲ್ಲಿ ಜಪಾನಿನ ಇಬ್ಬರು ಸಂಶೋಧಕರು ವಾದಿಸಿದರು. ಕಾರಣ ಯಾವುದೇ ಇರಲಿ, ಕಡ್ಡಿಗಳು ಮಾಯವಾದ ಮೇಲೂ ಜೋಡಣೆ ಮಾತ್ರ ಉಳಿಯಿತು. ಹೆಚ್ಚು ಬಳಸುವ ಅಕ್ಷರಗಳನ್ನು ಬೆರಳುಗಳ ಕೆಳಗೇ ಇಡುವ ಮತ್ತೊಂದು ಜೋಡಣೆಗೆ ಆಗಸ್ಟ್ ಡ್ವೊರಾಕ್ 1936ರಲ್ಲಿ ಹಕ್ಕುಪತ್ರ ಪಡೆದರೂ ಜನರ ರೂಢಿ ಬದಲಾಗಲಿಲ್ಲ. ಒಮ್ಮೆ ಬೆರಳಿಗೆ ಅಂಟಿದ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ ಎಂಬುದು ಇದರಿಂದ ನಾವು ಕಲಿಯಬೇಕಾದ ಮೊದಲ ಪಾಠ.

ಕನ್ನಡದ ಕಷ್ಟ

ಇಂಗ್ಲಿಷಿಗೆ 26 ಅಕ್ಷರಗಳು ಸಾಕು. ಕನ್ನಡದ ಮಾತೇ ಬೇರೆ. ಒಂದೊಂದು ವ್ಯಂಜನಕ್ಕೂ ಸ್ವರ ಸೇರಿ ಗುಣಿತಾಕ್ಷರವಾಗುತ್ತದೆ, ಅದರ ಮೇಲೆ ಒತ್ತಕ್ಷರ ಬೇರೆ. ಇವನ್ನೆಲ್ಲ ಎಣಿಸಿದರೆ ಸಾವಿರಾರು ರೂಪಗಳು. ಬೆರಳಚ್ಚು ಯಂತ್ರದಲ್ಲಿದ್ದುದು ಐವತ್ತಕ್ಕೂ ಕಡಿಮೆ ಕೀಲಿಗಳು. ಪ್ರತಿ ಕೀಲಿಗೆ ಎರಡು ಅಚ್ಚಿನಂತೆ ಲೆಕ್ಕ ಹಾಕಿದರೂ ನೂರು ದಾಟುವುದಿಲ್ಲ.

ಈ ಇಕ್ಕಟ್ಟಿನಿಂದ ಪಾರಾಗಲು ಅಕ್ಷರವನ್ನು ತುಂಡುಮಾಡುವುದೊಂದೇ ದಾರಿಯಾಗಿತ್ತು. ಅಕ್ಷರದ ಒಡಲು ಒಂದು ಕೀಲಿ, ತಲೆಕಟ್ಟು ಇನ್ನೊಂದು ಕೀಲಿ, ಕೊಂಬು ಮತ್ತೊಂದು. ಒತ್ತಕ್ಷರಗಳಿಗೆ, ಒತ್ತಿದರೂ ಕಾಗದ ಮುಂದಕ್ಕೆ ಸರಿಯದಂಥ ವಿಶೇಷ ಕೀಲಿಗಳು ಬೇಕಾದವು. ಇಂಥ ಕನ್ನಡ ಕೀಲಿಮಣೆಯನ್ನು ರೂಪಿಸಿದವರೆಂದು ಅನಂತ ಸುಬ್ಬರಾಯರ ಹೆಸರನ್ನು ಗೌರವದಿಂದ ನೆನೆಯಲಾಗುತ್ತದೆ. ತಾಲ್ಲೂಕು ಕೇಂದ್ರಗಳ ಬೆರಳಚ್ಚು ಶಾಲೆಗಳಲ್ಲಿ ಕಲಿತು, ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿ, ಸರ್ಕಾರಿ ಕಚೇರಿಗಳಲ್ಲಿ ಕೆಲಸ ಹಿಡಿದವರು ಅಸಂಖ್ಯ. ಆದರೆ ಆ ಜೋಡಣೆ ಅಕ್ಷರದ ಆಕಾರವನ್ನು ಅನುಸರಿಸಿತ್ತು, ಉಚ್ಚಾರವನ್ನಲ್ಲ. ಕಲಿಯುವವರು ಕಾಗುಣಿತದ ಜೊತೆಗೆ ತುಂಡುಗಳ ಲೆಕ್ಕವನ್ನೂ ನೆನಪಿಡಬೇಕಾಗಿತ್ತು.

ಕೆ. ಪಿ. ರಾಯರ ವಿಚಾರ

ಗಣಕ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಯಂತ್ರಕ್ಕೆ ಈಗ ಅಕ್ಷರದ ತುಂಡು ಬೇಕಾಗಿಲ್ಲ. ಯಾವ ವ್ಯಂಜನ, ಯಾವ ಸ್ವರ ಎಂದು ತಿಳಿಸಿದರೆ ಸಾಕು, ಆಕಾರವನ್ನು ಅದೇ ಕೂಡಿಸಿಕೊಳ್ಳುತ್ತದೆ. ಈ ಸತ್ಯವನ್ನು ಚೆನ್ನಾಗಿ ಅರಿತವರಲ್ಲಿ ಒಬ್ಬರು ಕಿನ್ನಿಕಂಬಳ ಪದ್ಮನಾಭ ರಾವ್. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಮುಂದೆ ಭಾರತೀಯ ಲಿಪಿಗಳ ಅಚ್ಚುಜೋಡಣೆಯತ್ತ ತಿರುಗಿದರು. ತಾವು ರೂಪಿಸಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟರು. 2013ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಸಂದಿತು. ಅವರು ತಮ್ಮ ಕೀಲಿಮಣೆಯನ್ನು ಹಣಕ್ಕೆ ಮಾರಲಿಲ್ಲ, ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು.

ಅವರ ವಿಚಾರ ಸರಳ. ಇಂಗ್ಲಿಷಿನ 26 ಅಕ್ಷರ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸಬೇಕು. ‘ಕೆ’ ಒತ್ತಿದರೆ ‘ಕ’, ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣ ‘ಖ’. ‘ಟಿ’ ಕೀಲಿಗೆ ‘ತ’, ಶಿಫ್ಟಿನೊಂದಿಗೆ ‘ಥ’. ಕನ್ನಡಕ್ಕೆ ಬೇಡವಾದ ‘ಕ್ಯೂ’, ‘ಡಬ್ಲ್ಯೂ’ ಕೀಲಿಗಳಲ್ಲಿ ‘ಟ’, ‘ಡ’ ಕುಳಿತವು. ವ್ಯಂಜನದ ನಂತರ ‘ಐ’ ಒತ್ತಿದರೆ ಗುಡಿಸು ತಾನಾಗಿ ಸೇರುತ್ತದೆ. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’ ಒತ್ತಬೇಕು. ಆ ಕೀಲಿ ಇರುವುದು ಎಡಗೈ ತೋರುಬೆರಳು ಸದಾ ಕುಳಿತಿರುವ ಜಾಗದಲ್ಲಿ.

ನಮ್ಮ ತೆಂಗಿನ ಸೀಮೆಯ ಮೂರು ಊರುಗಳನ್ನೇ ಬರೆದು ನೋಡೋಣ. ‘ತಿಪಟೂರು’ 7 ಒತ್ತು, ‘ತುರುವೇಕೆರೆ’ 10, ‘ಚಿಕ್ಕನಾಯಕನಹಳ್ಳಿ’ 15. ಕೊನೆಯ ಹೆಸರನ್ನು ಇಂಗ್ಲಿಷ್ ಕಾಗುಣಿತದಂತೆ ಪ್ರತಿ ‘ಅ’ಕಾರಕ್ಕೂ ‘ಎ’ ಒತ್ತುತ್ತ ಬರೆದರೆ, ‘ಚ’ಕಾರಕ್ಕೆ ಒಂದೇ ಕೀಲಿ ಎಂದುಕೊಂಡರೂ 18 ಒತ್ತು ಬೇಕು. ವ್ಯಂಜನದಲ್ಲಿ ‘ಅ’ಕಾರ ಅಡಗಿಯೇ ಇರುತ್ತದೆ ಎಂಬ ನಮ್ಮ ಲಿಪಿಯ ಗುಣವನ್ನು ಈ ಕೀಲಿಮಣೆ ಬಳಸಿಕೊಂಡಿದೆ. ಒಂದು ಹೆಸರಿನಲ್ಲಿ ಮೂರು ಒತ್ತು ಉಳಿದರೆ ಇಡೀ ಪುಸ್ತಕದಲ್ಲಿ ಎಷ್ಟು ಉಳಿದೀತೆಂದು ಊಹಿಸಬಹುದು.

ಹೊಸ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದ ಮೂಲಕ, ರಾಯರ ವಿನ್ಯಾಸದ ತಳಹದಿಯ ಈ ಕೀಲಿಮಣೆ ಸರ್ಕಾರಿ ಕಚೇರಿಗಳನ್ನು ತಲುಪಿತು. ‘ಕಗಪ’ ಎಂಬ ಹೆಸರೂ ಅದಕ್ಕೆ ಬಂತು. ಇಂದು ಲಿನಕ್ಸ್ ಗಣಕಗಳ ಪಟ್ಟಿಯಲ್ಲಿ ಕನ್ನಡಕ್ಕೆ ಮಾತ್ರವಲ್ಲ, ಹಿಂದಿ, ಸಂಸ್ಕೃತ, ಮರಾಠಿ, ತೆಲುಗುಗಳಿಗೂ ‘ಕಗಪ’ ಎಂಬ ಜೋಡಣೆ ಇದೆ. ಕನ್ನಡ ಸಂಸ್ಥೆಯೊಂದರ ಹೆಸರು ಹೀಗೆ ಸೋದರ ಭಾಷೆಗಳ ಕೀಲಿಮಣೆಗೂ ಅಂಟಿಕೊಂಡಿರುವುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಇನ್‌ಸ್ಕ್ರಿಪ್ಟ್: ಮತ್ತೊಂದು ದಾರಿ

ಇದೇ ಸಮಸ್ಯೆಗೆ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಬೇರೊಂದು ಪರಿಹಾರ ಸೂಚಿಸಿತ್ತು. 1986ರಲ್ಲಿ ರೂಪುಗೊಂಡ ‘ಇನ್‌ಸ್ಕ್ರಿಪ್ಟ್’ ಜೋಡಣೆ 1991ರಲ್ಲಿ ಭಾರತೀಯ ಮಾನಕಗಳಲ್ಲಿ ಸೇರಿತು. ಇದರಲ್ಲಿ ಬಹುಮಟ್ಟಿಗೆ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ‘ಕ’ ಯಾವ ಕೀಲಿಯಲ್ಲಿದೆಯೋ ಹಿಂದಿ, ತೆಲುಗು, ಬಂಗಾಳಿಗಳಲ್ಲೂ ಅಲ್ಲೇ. ಇಂಗ್ಲಿಷ್ ಗೊತ್ತಿಲ್ಲದವರಿಗೂ ಇದು ಕಲಿಯಲು ತೊಡಕಿಲ್ಲ.

ಆದರೆ ಗಣಕದ ಕ್ರಮವಿಧಿ ಬರೆಯುವವರಿಗೆ ಇಲ್ಲಿ ಒಂದು ತೊಂದರೆ ಎದುರಾಗುತ್ತದೆ. ಕ್ರಮವಿಧಿಗೆ ಚೌಕ ಆವರಣ, ಪುಷ್ಪಾವರಣ, ಅರ್ಧವಿರಾಮ ಚಿಹ್ನೆಗಳು ಹೆಜ್ಜೆಹೆಜ್ಜೆಗೂ ಬೇಕು. ಇನ್‌ಸ್ಕ್ರಿಪ್ಟಿನಲ್ಲಿ ಚೌಕ ಆವರಣದ ಜಾಗದಲ್ಲಿ ‘ಡ’, ಅರ್ಧವಿರಾಮದ ಜಾಗದಲ್ಲಿ ‘ಚ’ ಬಂದು ಕುಳಿತಿವೆ. ಕ್ರಮವಿಧಿಯ ನಡುವೆ ಒಂದು ಸಾಲು ಕನ್ನಡ ಬರೆಯಬೇಕಾದಾಗ ಚಿಹ್ನೆಗಳಿಗಾಗಿ ಮತ್ತೆ ಇಂಗ್ಲಿಷಿಗೆ ಮರಳಬೇಕು. ಕಗಪ ಜೋಡಣೆ ಅಕ್ಷರ ಕೀಲಿಗಳನ್ನಷ್ಟೇ ಬಳಸುವುದರಿಂದ ಚಿಹ್ನೆಗಳು ತಮ್ಮ ಜಾಗದಲ್ಲೇ ಉಳಿಯುತ್ತವೆ. ಒಂದಕ್ಕೆ ಎಲ್ಲ ಭಾಷೆಗಳ ಏಕರೂಪತೆ ಮುಖ್ಯವಾಯಿತು, ಇನ್ನೊಂದಕ್ಕೆ ಇಂಗ್ಲಿಷಿನೊಡನೆ ಹೊಂದಾಣಿಕೆ. ಎರಡರಲ್ಲೂ ತರ್ಕವಿದೆ, ಎರಡಕ್ಕೂ ಬೆಲೆ ತೆರಬೇಕು.

ಎರಡು ಹೋಳಾದ ಕೀಲಿಮಣೆ

ಇಲ್ಲಿಯವರೆಗೆ ಹೇಳಿದ್ದು ಅಕ್ಷರಗಳ ಸ್ಥಾನದ ವಿಚಾರ. ಕೀಲಿಮಣೆಯ ದೇಹವೂ ಬದಲಾಗಿದೆ. ಎರಡೂ ಕೈಗಳನ್ನು ಎದೆಯ ಮುಂದೆ ಒತ್ತಾಗಿ ಇಟ್ಟುಕೊಂಡು ಮಣಿಕಟ್ಟನ್ನು ಹೊರಕ್ಕೆ ತಿರುಚಿ ಗಂಟೆಗಟ್ಟಲೆ ದುಡಿದರೆ ನೋವು ಬರುವುದು ಸಹಜ. ಕೀಲಿಮಣೆಯನ್ನು ನಡುವೆ ಸೀಳಿ, ಎರಡು ಹೋಳುಗಳನ್ನು ಭುಜದ ಅಗಲಕ್ಕೆ ಇಡಬೇಕೆಂಬ ವಿಚಾರ ಜರ್ಮನಿಯಲ್ಲಿ 1920ರ ದಶಕದಲ್ಲೇ ಮೊಳೆತಿತ್ತು. 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೆರಳಚ್ಚು ಶಿಕ್ಷಕಿ ಲಿಲಿಯನ್ ಮಾಲ್ಟ್ ಅವರು ಸ್ಟೀಫನ್ ಹಾಬ್ಡೇ ಜೊತೆ ಸೇರಿ ‘ಮಾಲ್ಟ್ರಾನ್’ ಕೀಲಿಮಣೆ ರೂಪಿಸಿದರು. 1994ರಲ್ಲಿ ಮೈಕ್ರೋಸಾಫ್ಟ್ ಕಂಪನಿ ನಡುವೆ ಬಾಗಿದ ಕೀಲಿಮಣೆಯನ್ನು ಮಾರುಕಟ್ಟೆಗೆ ತಂದಾಗ ಸಾಮಾನ್ಯ ಬಳಕೆದಾರರಿಗೂ ಇದರ ಪರಿಚಯವಾಯಿತು.

ತೆಂಗಿನಕಾಯಿ ಸುಲಿಯುವವರು ಕಬ್ಬಿಣದ ಮೊನೆಯನ್ನು ನೆಲದಲ್ಲಿ ನೆಡುವಾಗ ತಮ್ಮ ಎತ್ತರಕ್ಕೆ ತಕ್ಕಂತೆ ನೆಡುತ್ತಾರೆ. ಕೆಲಸಗಾರ ಉಪಕರಣಕ್ಕೆ ಬಗ್ಗುವುದಿಲ್ಲ, ಉಪಕರಣವೇ ಕೆಲಸಗಾರನಿಗೆ ಒಗ್ಗುತ್ತದೆ. ಹೋಳು ಕೀಲಿಮಣೆಯ ತತ್ತ್ವವೂ ಇದೇ. ಇವುಗಳಲ್ಲಿ ಹಲವಕ್ಕೆ ಒಳಗೇ ಒಂದು ಸಣ್ಣ ಗಣಕ ಇರುತ್ತದೆ. ‘ಕ್ಯೂಎಂಕೆ’ ಮೊದಲಾದ ಮುಕ್ತ ತಂತ್ರಾಂಶಗಳ ನೆರವಿನಿಂದ ಯಾವ ಕೀಲಿ ಏನು ಮಾಡಬೇಕೆಂದು ಬಳಕೆದಾರರೇ ನಿರ್ಧರಿಸಬಹುದು. ಒಂದು ಕೀಲಿ ಹಿಡಿದರೆ ಎರಡನೆಯ ‘ಪದರ’ ತೆರೆದು, ಆವರಣ ಚಿಹ್ನೆಗಳೆಲ್ಲ ನಡುಸಾಲಿಗೇ ಬರುವಂತೆ ಮಾಡಬಹುದು.

ಕನ್ನಡಕ್ಕೆ ಇದರಿಂದ ಏನು ಪ್ರಯೋಜನ? ಮೇಲೆ ಹೇಳಿದ ಮೂರು ಊರುಗಳ ಒಟ್ಟು 32 ಒತ್ತುಗಳಲ್ಲಿ 5 ಬಾರಿ ಶಿಫ್ಟ್ ಬೇಕಾಗುತ್ತದೆ. ದೀರ್ಘ ಸ್ವರ, ‘ಳ’ಕಾರ, ‘ಣ’ಕಾರ, ಅನುಸ್ವಾರ ಎಲ್ಲಕ್ಕೂ ಶಿಫ್ಟೇ ಗತಿ. ಅದನ್ನು ಹಿಡಿಯುವುದು ಎಲ್ಲಕ್ಕಿಂತ ದುರ್ಬಲವಾದ ಕಿರುಬೆರಳು. ಹೋಳು ಕೀಲಿಮಣೆಯಲ್ಲಿ ಹೆಬ್ಬೆರಳಿಗೆ ಹಲವು ಕೀಲಿಗಳಿರುತ್ತವೆ. ಶಿಫ್ಟನ್ನು ಅಲ್ಲಿಗೆ ತಂದರೆ ಭಾರವೆಲ್ಲ ಬಲವಾದ ಬೆರಳಿಗೆ ಹೋಗುತ್ತದೆ. ಆದರೆ ಒಂದು ಎಚ್ಚರ ಅಗತ್ಯ. ಕಗಪ ನಿಯಮಗಳು ನಡೆಯುವುದು ಗಣಕದ ಒಳಗೆ. ಕೀಲಿಮಣೆಯೊಳಗೆ ಇಂಗ್ಲಿಷ್ ಅಕ್ಷರಗಳ ಸ್ಥಾನವನ್ನೇ ಬದಲಿಸಿದರೆ ಕನ್ನಡ ಅಕ್ಷರಗಳೂ ಅವುಗಳ ಹಿಂದೆಯೇ ಹೋಗುತ್ತವೆ. ಆದ್ದರಿಂದ ಅಕ್ಷರಗಳನ್ನು ಇದ್ದಲ್ಲೇ ಬಿಟ್ಟು, ಶಿಫ್ಟ್ ಮತ್ತು ಚಿಹ್ನೆಗಳನ್ನಷ್ಟೇ ಸ್ಥಳಾಂತರಿಸುವುದು ಜಾಣತನ.

ಜೋಡಣೆ ನಮ್ಮದು, ಸಂಕೇತ ಎಲ್ಲರದು

ಪ್ರತಿಯೊಬ್ಬರೂ ತಮಗೆ ಬೇಕಾದಂತೆ ಜೋಡಿಸಿಕೊಂಡರೆ ಗೊಂದಲವಾಗುವುದಿಲ್ಲವೇ ಎಂಬ ಪ್ರಶ್ನೆ ಏಳಬಹುದು. ಹಿಂದೆ ಗೊಂದಲವಾದದ್ದೂ ಉಂಟು. 1990ರ ದಶಕದ ಕನ್ನಡ ತಂತ್ರಾಂಶಗಳು ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ತಮತಮಗೆ ತೋಚಿದಂತೆ ಇಟ್ಟಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಹೀಗೆ ಕೂಡಿಟ್ಟ ಬರಹ, ಆ ಅಚ್ಚಿನ ಕಡತ ಇಲ್ಲದ ಗಣಕದಲ್ಲಿ ಇಂದಿಗೂ ಓದಲು ಬಾರದು.

ಇದಕ್ಕೆ ಪರಿಹಾರವಾಗಿ ಬಂದದ್ದು ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆಯಿತು. ದಶಮಾನದಲ್ಲಿ ಹೇಳುವುದಾದರೆ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡದವು. ‘ಕ’ ಅಕ್ಷರದ ಸಂಖ್ಯೆ 3221. ಬೆರಳಚ್ಚು ಜೋಡಣೆಯಲ್ಲಿ ಒತ್ತಿದರೂ, ಕಗಪದಲ್ಲಿ ಒತ್ತಿದರೂ, ಇನ್‌ಸ್ಕ್ರಿಪ್ಟಿನಲ್ಲಿ ಒತ್ತಿದರೂ ಗಣಕದಲ್ಲಿ ಉಳಿಯುವುದು ಅದೇ 3221. ಬೆರಳಿನ ಹಾದಿ ಯಾವುದಾದರೂ ಆಗಲಿ, ತಲುಪುವ ಜಾಗ ಒಂದೇ. ಈ ಒಮ್ಮತ ಇರುವುದರಿಂದಲೇ ಜೋಡಣೆಯಲ್ಲಿ ಸ್ವಾತಂತ್ರ್ಯ ಸಾಧ್ಯವಾಗಿದೆ.

ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಇಂದು ಎಷ್ಟೋ ಮಂದಿ ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುತ್ತಾರೆ. ಕನ್ನಡ ಕೀಲಿಮಣೆ ಕಷ್ಟ ಎಂಬುದು ಅವರು ಕೊಡುವ ಕಾರಣ. ಆದರೆ ಆ ಕಷ್ಟವನ್ನು ಬಗೆಹರಿಸಲು ನಮ್ಮವರು ದಶಕಗಳ ಕಾಲ ಬುದ್ಧಿ ವೆಚ್ಚ ಮಾಡಿದ್ದಾರೆ, ಫಲವನ್ನು ಉಚಿತವಾಗಿ ಕೊಟ್ಟಿದ್ದಾರೆ. ನಿಮ್ಮ ಊರಿನ ಹೆಸರಿನಿಂದಲೇ ಆರಂಭಿಸಿ. ಎಷ್ಟು ಒತ್ತು ಬೇಕಾಯಿತು, ಯಾವ ಬೆರಳು ಹೆಚ್ಚು ದಣಿಯಿತು ಎಂದು ಬರೆದಿಡಿ. ಕೀಲಿಮಣೆಯನ್ನು ಸುಧಾರಿಸಿದವರೆಲ್ಲರೂ ಆರಂಭಿಸಿದ್ದು ಇಂಥ ಲೆಕ್ಕದಿಂದಲೇ.