ಮೂಕಿ ಚಿತ್ರದ ಕ್ಷಣಗಣನೆ

2023ರ ಜುಲೈ 14ರಂದು ಚಂದ್ರಯಾನ-3 ಶ್ರೀಹರಿಕೋಟಾದಿಂದ ಹೊರಟಾಗ, ಸೊನ್ನೆಯತ್ತ ಇಳಿದು ಬರುವ ಕ್ಷಣಗಣನೆಯನ್ನು ನಾವೆಲ್ಲ ಟಿ.ವಿ.ಯಲ್ಲಿ ಕೇಳಿದೆವು. ರಾಕೆಟ್ಟಿಗೂ ಈ ಎಣಿಕೆಗೂ ಮೊದಲು ನಂಟು ಬೆಳೆಸಿ ಜನಪ್ರಿಯಗೊಳಿಸಿದ್ದು ಮಾತೇ ಇಲ್ಲದ ಒಂದು ಸಿನಿಮಾ.

1929ರ ಅಕ್ಟೋಬರ್ 15ರಂದು ಬರ್ಲಿನ್ನಿನಲ್ಲಿ ತೆರೆಕಂಡ ಆ ಜರ್ಮನ್ ಚಿತ್ರ 'ಫ್ರೌ ಇಮ್ ಮೋಂಡ್', ಅಂದರೆ ಚಂದ್ರನಲ್ಲಿ ಮಹಿಳೆ. ನಿರ್ದೇಶಕ ಫ್ರಿಟ್ಸ್ ಲಾಂಗ್. ಕಥೆ ಅವರ ಪತ್ನಿ ಥೇಯಾ ಫಾನ್ ಹಾರ್ಬು ಅವರದು. ಒಂದು, ಎರಡು ಎಂದು ಎಣಿಸುತ್ತ ಹೋದರೆ ರಾಕೆಟ್ ಯಾವಾಗ ಹಾರುತ್ತದೆಂದು ನೋಡುವವರಿಗೆ ತಿಳಿಯದು. ಹಿಂದಕ್ಕೆ ಎಣಿಸಿದರೆ ಎದೆ ಢವಢವ ಎನ್ನುತ್ತದೆ. ಲಾಂಗ್ ಹೂಡಿದ ಉಪಾಯ ಇಷ್ಟೇ. ಅಂಕಿಗಳು ಪರದೆಯ ಮೇಲೆ ಬರಹವಾಗಿ ಮೂಡಿದವು.

ಚಿತ್ರಕ್ಕೆ ಸಲಹೆಗಾರರು ರಾಕೆಟ್ ವಿಜ್ಞಾನಿ ಹರ್ಮನ್ ಓಬರ್ತ್. ಹಂತಹಂತವಾಗಿ ಕಳಚಿಕೊಳ್ಳುವ ರಾಕೆಟ್, ಅದನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಹೊರತರುವುದು, ತೂಕವಿಲ್ಲದಾಗ ಕಾಲು ಸಿಕ್ಕಿಸಿಕೊಳ್ಳಲು ನೆಲದಲ್ಲಿ ಪಟ್ಟಿಗಳು, ಇವೆಲ್ಲ ಮನುಷ್ಯ ಚಂದ್ರನ ಮೇಲಿಳಿಯುವ 40 ವರ್ಷ ಮೊದಲೇ ಅಲ್ಲಿವೆ. ಜೊತೆಗೆ ಚಂದ್ರನಲ್ಲಿ ಉಸಿರಾಡಲು ಗಾಳಿ, ಗುಹೆಯಲ್ಲಿ ಚಿನ್ನ! ಇದನ್ನು ಓಬರ್ತ್ ಹೇಗೆ ಒಪ್ಪಿದರೋ. ಅಗ್ಗದ ಕಥೆಪುಸ್ತಕಗಳ ಹುಚ್ಚಿನಲ್ಲಿ ಕದ್ದು ರಾಕೆಟ್ ಹತ್ತುವ ಗುಸ್ಟಾಫ್ ಎಂಬ ಹುಡುಗನಿದ್ದಾನೆ; ನನಗೆ ಹೆಚ್ಚು ಇಷ್ಟವಾದವನು ಅವನೇ. ಪ್ರಚಾರಕ್ಕಾಗಿ ನಿಜವಾದ ರಾಕೆಟ್ಟೊಂದನ್ನು ಹಾರಿಸುವ ಯೋಜನೆ ಮಾತ್ರ ಕೈಗೂಡಲಿಲ್ಲ.

ಓಬರ್ತರ ಜೊತೆ ಕೆಲಸ ಮಾಡಿದ ತರುಣರಲ್ಲೊಬ್ಬ ವೆರ್ನರ್ ಫಾನ್ ಬ್ರೌನ್. 1942ರ ಅಕ್ಟೋಬರ್ 3ರಂದು ಅವನ ತಂಡ ಯಶಸ್ವಿಯಾಗಿ ಹಾರಿಸಿದ ವಿ-2 ರಾಕೆಟ್ಟಿನ ಬುಡದಲ್ಲಿ ಈ ಚಿತ್ರದ ಲಾಂಛನವನ್ನು ಬಿಡಿಸಿದ್ದರು. ಆದರೆ ಆ ರಾಕೆಟ್ ಚಂದ್ರನಿಗಾಗಿ ಅಲ್ಲ. ಮುಂದೆ ಲಂಡನ್, ಆಂಟ್‌ವರ್ಪ್ ನಗರಗಳ ಮೇಲೆ ಬಿತ್ತು. ಅದು ಬಿದ್ದು ಸತ್ತವರಿಗಿಂತ, ಅದನ್ನು ತಯಾರಿಸುವ ಬಲವಂತದ ದುಡಿಮೆಯಲ್ಲಿ ಸತ್ತ ಕೈದಿಗಳೇ ಹೆಚ್ಚು. ರಾಕೆಟ್ಟಿನ ಗುಟ್ಟು ಹೊರಬೀಳಬಾರದೆಂದು ನಾಜಿ ಸರಕಾರ ಚಿತ್ರವನ್ನೂ ಹಿಂತೆಗೆಸಿತ್ತು.

ಲಾಂಗ್ ಚಿತ್ರ ತೆಗೆದ ಕಾಲದಲ್ಲೇ ನಮ್ಮ ಜಿಲ್ಲೆಯಲ್ಲೂ ಮೂಕಿ ಚಿತ್ರದ ಪ್ರಯತ್ನ ನಡೆಯಿತು. ಕೋಟ ಶಿವರಾಮ ಕಾರಂತರು 1930ರ ಸುಮಾರಿಗೆ ಅಸ್ಪೃಶ್ಯತೆಯ ವಿಷಯದಲ್ಲಿ 'ಡೊಮಿಂಗೊ' ತೆಗೆದರು. ಅವರ ಕ್ಯಾಮೆರಾ ಆಕಾಶಕ್ಕೆ ತಿರುಗಲಿಲ್ಲ. ವಿಜ್ಞಾನವನ್ನು ಅವರು 'ಬಾಲಪ್ರಪಂಚ', 'ವಿಜ್ಞಾನ ಪ್ರಪಂಚ'ಗಳಲ್ಲಿ ಕನ್ನಡದ ಓದುಗರಿಗೆ ಬರೆದುಕೊಟ್ಟರು. ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಅವರದೇ ಹೆಸರು. 2018ರಿಂದ ಅಲ್ಲೊಂದು ತಾರಾಲಯವೂ ಇದೆ.

ಇದೇ ಜಿಲ್ಲೆಗೆ ಆಗ ಸೇರಿದ್ದ ಅದಮಾರಿನಲ್ಲಿ 1932ರಲ್ಲಿ ಯು.ಆರ್. ರಾವ್ ಹುಟ್ಟಿದರು. ಅವರ ನೇತೃತ್ವದಲ್ಲಿ ತಯಾರಾದ ಭಾರತದ ಮೊದಲ ಉಪಗ್ರಹ 'ಆರ್ಯಭಟ' 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಸುಮಾರು 360 ಕಿಲೋ ತೂಕದ ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ.